1949ರ ಕಾರ್ಮಾರ್ಥನ್‌ಶೈರ್ ಕೌಂಟಿ ಚುನಾವಣೆ: ಇಷ್ಟೊಂದು ಜನ ‘ಅವಿರೋಧ’ ಆಗಿದ್ದು ಹೇಗೆ?

ಹಳೇಪೇಪರ್

ಹಳೇ ಚುನಾವಣೆಗಳ ಫಲಿತಾಂಶ ಓದುವ ಚಟ ನನಗೆ. ಇಲ್ಲಿ ತುಂಬ ಜನಕ್ಕೆ ಗೊತ್ತೇ ಇದೆ. ಈ ಸಲ ವೇಲ್ಸ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಶುರುವಾಗಿದ್ದು 1966ರಿಂದ. ಆ ವರ್ಷ ಜುಲೈ 14ಕ್ಕೆ ಕಾರ್ಮಾರ್ಥನ್ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಲೇಬರ್ ಸಂಸದೆ ಮೇಗನ್ ಲಾಯ್ಡ್ ಜಾರ್ಜ್ ತೀರಿಕೊಂಡಿದ್ದರು. ಪ್ಲೈಡ್ ಕಮ್ರಿ ಪಕ್ಷದ ಅಧ್ಯಕ್ಷ ಗ್ವಿನ್ವರ್ ಎವನ್ಸ್ 2,436 ವೋಟಿನಿಂದ ಗೆದ್ದರು. ವೇಲ್ಸ್‌ನ ಈ ರಾಷ್ಟ್ರೀಯ ಪಕ್ಷಕ್ಕೆ ಪಾರ್ಲಿಮೆಂಟಿನಲ್ಲಿ ಸಿಕ್ಕ ಮೊದಲ ಸೀಟು ಅದು. ಮಜಾ ಏನೆಂದರೆ ಅದೇ ವರ್ಷದ ಮಾರ್ಚ್ ಚುನಾವಣೆಯಲ್ಲಿ, ಅದೇ ಕ್ಷೇತ್ರದಲ್ಲಿ, ಇದೇ ಮನುಷ್ಯ ಮೂರನೇ ಸ್ಥಾನಕ್ಕೆ ಬಿದ್ದಿದ್ದರು.

ನಾಲ್ಕು ತಿಂಗಳಲ್ಲಿ ಇದೆಂಥ ಪವಾಡ ಅಂತ ಹಿಂದೆ ಹೋದೆ. ಪವಾಡ ಅಲ್ಲ. ಅವರು 1949ರಿಂದಲೇ ಕಾರ್ಮಾರ್ಥನ್‌ಶೈರ್ ಕೌಂಟಿ ಕೌನ್ಸಿಲ್‌ನಲ್ಲಿ (ನಮ್ಮ ಜಿಲ್ಲಾ ಪಂಚಾಯ್ತಿ ಥರದ್ದು) ಕೂತಿದ್ದರು. ಲಾಂಗಡೋಗ್ ಅನ್ನುವ ಹಳ್ಳಿಯ ಸೀಟು. ಸರಿ, 1949ರ ಪಟ್ಟಿ ತೆಗೆದೆ. ಅಲ್ಲಿ ನೋಡಿದರೆ ಎಷ್ಟೋ ಹೆಸರುಗಳ ಮುಂದೆ ವೋಟಿನ ಸಂಖ್ಯೆಯೇ ಇಲ್ಲ. ಬರೀ ‘ಅವಿರೋಧ’.

ಇದು ನನಗೆ ಅರ್ಥ ಆಗುತ್ತಿಲ್ಲ. 1945ರಲ್ಲಿ ಆಟ್ಲೀ ಅವರ ಲೇಬರ್ ಅಲೆ ಎದ್ದಿದೆ. ವೇಲ್ಸ್‌ನ 36 ಸೀಟಿನಲ್ಲಿ 25 ಲೇಬರ್ ಪಾಲಾಗಿದೆ. ಕೌಂಟಿ ಚುನಾವಣೆಯಂತೂ 1937ರ ನಂತರ ನಡೆದೇ ಇರಲಿಲ್ಲ. 1940ರದ್ದನ್ನು ಯುದ್ಧ ಅಂತ ಮುಂದೂಡಿದರು. ಖಾಲಿಯಾದ ಜಾಗಕ್ಕೆ ಕೌನ್ಸಿಲ್‌ನವರೇ ಯಾರನ್ನಾದರೂ ಸೇರಿಸಿಕೊಳ್ಳುತ್ತಿದ್ದರು. ಒಂಬತ್ತು ವರ್ಷ ಕಾದು 1946ರಲ್ಲಿ ವೋಟು ಬಂತು, ಮತ್ತೆ ಮೂರು ವರ್ಷಕ್ಕೆ 1949ರಲ್ಲಿ ಬಂತು. ಜನ ಮುಗಿಬೀಳಬೇಕಿತ್ತು ಅಲ್ವಾ? ಹಳ್ಳಿ ಸೀಟುಗಳಲ್ಲಿ ಎದುರಾಳಿಯೇ ಇಲ್ಲ ಅಂದರೆ ಏನರ್ಥ?

ಲೆಕ್ಕದಮೇಷ್ಟ್ರು

ಒಳ್ಳೆ ಪ್ರಶ್ನೆ. ಆದರೆ ಪಾರ್ಲಿಮೆಂಟ್ ಚುನಾವಣೆಯ ಕನ್ನಡಕ ಹಾಕಿಕೊಂಡು ಕೌಂಟಿಯನ್ನು ನೋಡುತ್ತಿದ್ದೀರಿ. ಅದನ್ನು ಸ್ವಲ್ಪ ತೆಗೆದಿಡಿ.

ಕಾರ್ಮಾರ್ಥನ್‌ಶೈರ್ ಒಂದು ಊರಲ್ಲ, ಎರಡು. ಪೂರ್ವದ ಕಡೆ ಕಲ್ಲಿದ್ದಲು ಮತ್ತು ತಗಡು. ಲನೆಲ್ಲಿ ಪಟ್ಟಣಕ್ಕೆ ತಗಡಿನ ಪಟ್ಟಣ ಅಂತಲೇ ಅಡ್ಡಹೆಸರು. ಅಮ್ಮನ್ ಕಣಿವೆ, ಗ್ವೆಂಡ್ರೈತ್ ಕಣಿವೆ ತುಂಬ ಗಣಿಗಳು. ಅಲ್ಲಿ ಲೇಬರ್ ಪಕ್ಷ ಅಂದರೆ ಯೂನಿಯನ್, ಯೂನಿಯನ್ ಅಂದರೆ ಮನೆ. ಪಶ್ಚಿಮ ಮತ್ತು ಉತ್ತರ ಪೂರ್ತಿ ಹಸುರು. ಹಾಲು, ಹುಲ್ಲು, ಸಣ್ಣ ಹಿಡುವಳಿ. ಮಿಲ್ಕ್ ಮಾರ್ಕೆಟಿಂಗ್ ಬೋರ್ಡ್‌ನಿಂದ ತಿಂಗಳಿಗೊಂದು ಚೆಕ್ ಬಂದರೆ ಸಂಸಾರ ನಡೆಯಿತು. ಅಲ್ಲಿಂದ ಗೆದ್ದು ಬರುವವರೆಲ್ಲ ‘ಇಂಡಿಪೆಂಡೆಂಟ್’.

ಒಂದು ವಾರ್ಡಿಗೆ ಒಬ್ಬನೇ ಸದಸ್ಯ. ವಾರ್ಡ್ ಅಂದರೆ ನಾಲ್ಕಾರು ಹಳ್ಳಿ, ಎರಡು ಮೂರು ಚಾಪೆಲ್ (ಆಂಗ್ಲಿಕನ್ ಚರ್ಚಿನಿಂದ ಬೇರೆಯಾದ ಪ್ರಾಟೆಸ್ಟಂಟರ ಪ್ರಾರ್ಥನಾ ಮಂದಿರ). ಹಾಲಿ ಸದಸ್ಯ ಚಾಪೆಲ್‌ನ ಡೀಕನ್, ಅಂದರೆ ಅಲ್ಲಿನ ಹಿರಿಯ, ಆಗಿರುತ್ತಾನೆ, ಇಲ್ಲವೇ ದೊಡ್ಡ ಫಾರ್ಮಿನ ಯಜಮಾನ. ಅವನ ಎದುರು ನಿಲ್ಲುವುದೆಂದರೆ ಭಾನುವಾರ ಅದೇ ಚಾಪೆಲ್‌ನಲ್ಲಿ ಅವನ ಹಿಂದಿನ ಬೆಂಚಿನಲ್ಲಿ ಕೂರಬೇಕು. ಕೊಯ್ಲಿನ ಹೊತ್ತಿಗೆ ಅವನ ಮಗನ ಸಹಾಯ ಕೇಳಬೇಕು. ಯಾರಿಗೆ ಬೇಕು ಆ ತಲೆನೋವು? ಹಾಗಾಗಿ ನಾಮಪತ್ರದ ದಿನಕ್ಕೆ ಮುಂಚೆಯೇ ಮಾತುಕತೆ ಮುಗಿದಿರುತ್ತಿತ್ತು.

ಹಳೇ ಲೆಕ್ಕವೂ ಒಂದಿದೆ. 1888ರ ಕಾಯ್ದೆಯಿಂದ ಕೌಂಟಿ ಕೌನ್ಸಿಲ್‌ಗಳು ಹುಟ್ಟಿದವು. 1889ರ ಜನವರಿಯಲ್ಲಿ ಮೊದಲ ಚುನಾವಣೆ. ಅಲ್ಲಿಯವರೆಗೆ ಕೌಂಟಿ ನಡೆಸುತ್ತಿದ್ದುದು ಜಮೀನ್ದಾರರೇ ಆಗಿದ್ದ ಮ್ಯಾಜಿಸ್ಟ್ರೇಟ್‌ಗಳು. ಇಂಗ್ಲಿಷ್ ಮಾತಾಡುವ, ಆಂಗ್ಲಿಕನ್ ಚರ್ಚಿನ ಜನ. ಆ ಒಂದೇ ಚುನಾವಣೆಯಲ್ಲಿ ವೇಲ್ಸ್‌ನ ಬಹುಪಾಲು ಕೌಂಟಿಗಳು ಚಾಪೆಲ್‌ಗೆ ಹೋಗುವ ಲಿಬರಲ್‌ಗಳ ಕೈಗೆ ಬಂದವು. 1949ರ ಹಳ್ಳಿಯ ‘ಇಂಡಿಪೆಂಡೆಂಟ್’ಗಳಲ್ಲಿ ಎಷ್ಟೋ ಜನ ಅವರ ಮಕ್ಕಳು, ಮೊಮ್ಮಕ್ಕಳು. ಲಿಬರಲ್ ಪಕ್ಷ ಸೊರಗಿತು, ಚಾಪೆಲ್ ಬೆಂಚು ಉಳಿಯಿತು.

ಕೆಂಬಾವುಟ

ಮೇಷ್ಟ್ರೇ, ಚಂದ ಹೇಳಿದಿರಿ. ಆದರೆ ‘ಇಂಡಿಪೆಂಡೆಂಟ್’ ಅನ್ನುವ ಹಲಗೆ ನೋಡಿ ಮೋಸ ಹೋಗಬೇಡಿ. ಬಹಳ ಕಡೆ ಅದರ ಅರ್ಥ ‘ಲೇಬರ್ ಬಿಟ್ಟು ಬೇರೆ ಯಾರಾದರೂ ಸರಿ’ ಅಂತ. ಲೇಬರ್ ವಿರುದ್ಧ ಕೈ ಎತ್ತುವಾಗ ಅವರೆಲ್ಲ ಒಂದೇ.

ಇನ್ನೊಂದು ಕಾರಣ ನೀವು ಹೇಳಲಿಲ್ಲ. ದುಡ್ಡು. ಕೌನ್ಸಿಲರ್‌ಗೆ ಸಂಬಳ ಇಲ್ಲ. ಸಭೆ ನಡೆಯುವುದು ಹಗಲು ಹೊತ್ತು, ಕಾರ್ಮಾರ್ಥನ್ ಪಟ್ಟಣದಲ್ಲಿ. ಗಣಿ ಕೆಲಸಗಾರ ಒಂದು ಪಾಳಿ ಬಿಟ್ಟು ಸಭೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಫಾರ್ಮಿನ ಯಜಮಾನನಿಗೆ ಆಳು ಇರುತ್ತಾನೆ. ಅಂಗಡಿಯವನಿಗೆ ಹೆಂಡತಿ ಇರುತ್ತಾಳೆ. ಪಾದ್ರಿಗಂತೂ ವಾರದ ದಿನ ಬಿಡುವು. ಕೂಲಿ ನಷ್ಟಕ್ಕೆ ಭತ್ಯೆ ಕೊಡುವ ನಿಯಮ ಬಂದಿದ್ದೇ 1948ರ ಕಾಯ್ದೆಯಲ್ಲಿ, ಅದೂ ಲೇಬರ್ ಸರ್ಕಾರ ತಂದಿದ್ದು. ಅಲ್ಲಿಯವರೆಗೆ ಬಡವ ನಿಲ್ಲಬೇಕಾದರೆ ಹಿಂದೆ ಯೂನಿಯನ್ ಇರಲೇಬೇಕಿತ್ತು. ಹಳ್ಳಿ ಕಡೆ ಕೃಷಿ ಕೂಲಿಯವನ ಹಿಂದೆ ಯಾರಿದ್ದರು? ನಿಮ್ಮ ‘ಅವಿರೋಧ’ಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ವೋಟಿನ ಹಕ್ಕನ್ನೇ ತೆಗೆದುಕೊಳ್ಳಿ. ಯುದ್ಧಕ್ಕೆ ಮುಂಚೆ ಸ್ಥಳೀಯ ಚುನಾವಣೆಯಲ್ಲಿ ವೋಟು ಇದ್ದದ್ದು ಮನೆ, ಜಾಗ ಹಿಡಿದು ತೆರಿಗೆ ಕಟ್ಟುವವರಿಗೆ ಮತ್ತು ಅವರ ಗಂಡ ಹೆಂಡತಿಗೆ. ಅಪ್ಪನ ಮನೆಯಲ್ಲೇ ಇದ್ದ ಬೆಳೆದ ಮಗನಿಗೆ ಇಲ್ಲ, ಕೋಣೆ ಬಾಡಿಗೆಗೆ ಹಿಡಿದ ಕೆಲಸಗಾರನಿಗೆ ಇಲ್ಲ. 1945ರಲ್ಲಿ ಇದನ್ನು ಬದಲಾಯಿಸಿ ಪಾರ್ಲಿಮೆಂಟ್ ಪಟ್ಟಿಯಲ್ಲಿ ಇದ್ದವರಿಗೆಲ್ಲ ವೋಟು ಕೊಟ್ಟರು. ಹಾಗಾಗಿ 1946ರ ಕೌಂಟಿ ಚುನಾವಣೆ ಯುದ್ಧದ ನಂತರದ ಮೊದಲನೆಯದಷ್ಟೇ ಅಲ್ಲ. ಎಷ್ಟೋ ಜನರ ಬದುಕಿನಲ್ಲೇ ಮೊದಲನೆಯದು.

ಕಡಲೆಪುರಿ

ಅಯ್ಯೋ ಇದೆಲ್ಲ ನಮ್ಮೂರ ಕಥೆನೇ ಬಿಡಿ. ನಮ್ಮ ಪಂಚಾಯ್ತಿಯಲ್ಲಿ ಹೋದ ಸಲ ಇಡೀ ಊರು ದೇವಸ್ಥಾನದ ಮುಂದೆ ಕೂತು

ನಿರ್ವಾಹಕರು

ಕಡಲೆಪುರಿ ಅವರ ಉಳಿದ ಬರಹವನ್ನು ಪಂಚಾಯ್ತಿ ವಿಭಾಗಕ್ಕೆ ಸಾಗಿಸಿದ್ದೇವೆ. ಇಲ್ಲಿ ವೇಲ್ಸ್ ಬಗ್ಗೆ ಮಾತಾಡೋಣ. ಹೋದ ಸಲ ಐರ್ಲೆಂಡ್ ಚರ್ಚೆ ಎಲ್ಲಿಗೆ ಹೋಗಿ ಮುಟ್ಟಿತು ಅಂತ ನೆನಪಿದೆ ತಾನೇ?

ಕಡಲೆಪುರಿ

ಸರಿ ಸ್ವಾಮಿ. ವೇಲ್ಸ್ ಬಗ್ಗೆಯೇ ಕೇಳುತ್ತೇನೆ. ಪಟ್ಟಿಯಲ್ಲಿ ‘ಆಲ್ಡರ್‌ಮನ್’ ಅಂತ ಕೆಲವರ ಹೆಸರಿನ ಹಿಂದೆ ಇದೆಯಲ್ಲ, ಅದೇನು? ಬಿರುದೋ?

ಲೆಕ್ಕದಮೇಷ್ಟ್ರು

ಬಿರುದಲ್ಲ, ಸೀಟು. ಇಡೀ ಆಟದ ಕೀಲಿಕೈಯೇ ಇದು. ನಿಧಾನಕ್ಕೆ ಹೇಳುತ್ತೇನೆ.

ಜನ ಆರಿಸುವುದು ಕೌನ್ಸಿಲರ್‌ಗಳನ್ನು. ಆ ಕೌನ್ಸಿಲರ್‌ಗಳು ಸೇರಿ ಆಲ್ಡರ್‌ಮನ್‌ಗಳನ್ನು ಆರಿಸುತ್ತಾರೆ. ಮೂರು ಕೌನ್ಸಿಲರ್‌ಗೆ ಒಬ್ಬ ಆಲ್ಡರ್‌ಮನ್. ಅಂದರೆ ಒಂದು ಕೌಂಟಿಯಲ್ಲಿ 60 ಕೌನ್ಸಿಲರ್‌ಗಳಿದ್ದರೆ 20 ಆಲ್ಡರ್‌ಮನ್‌ಗಳು, ಒಟ್ಟು 80 ಜನರ ಸಭೆ. ಕೌನ್ಸಿಲರ್ ಅವಧಿ ಮೂರು ವರ್ಷ, ಆಲ್ಡರ್‌ಮನ್ ಅವಧಿ ಆರು. ಪ್ರತಿ ಚುನಾವಣೆಗೆ ಅರ್ಧ ಆಲ್ಡರ್‌ಮನ್‌ಗಳು ಇಳಿಯುತ್ತಾರೆ, ಇನ್ನರ್ಧ ಹಾಗೇ ಕೂತಿರುತ್ತಾರೆ.

ಈಗ ಇದೇ 60ರ ಲೆಕ್ಕ ಮುಂದುವರಿಸಿ. ಚುನಾವಣೆಯಲ್ಲಿ ಒಂದು ಗುಂಪಿಗೆ 31, ಇನ್ನೊಂದಕ್ಕೆ 29 ಬಂತು ಅಂದುಕೊಳ್ಳಿ. ಎರಡೇ ಸೀಟಿನ ಅಂತರ. ಆ 31 ಜನ ಒಗ್ಗಟ್ಟಾಗಿ ಕೈ ಎತ್ತಿದರೆ ಖಾಲಿ ಇರುವ ಹತ್ತೂ ಆಲ್ಡರ್‌ಮನ್ ಸೀಟು ಅವರದೇ. ಎರಡರ ಅಂತರ ಒಂದು ಮಧ್ಯಾಹ್ನದಲ್ಲಿ ಹನ್ನೆರಡಾಯಿತು. ಇದೆಲ್ಲ ಜನರ ವೋಟಿಲ್ಲದೆ! ಇನ್ನೂ ಇದೆ. ಆಲ್ಡರ್‌ಮನ್ ಆಗಲು ಗೆದ್ದು ಬಂದಿರಬೇಕು ಅಂತೇನಿಲ್ಲ. ಮೊನ್ನೆ ತಾನೇ ಸೋತವನನ್ನೂ ಹಿಂಬಾಗಿಲಿನಿಂದ ಕರೆದು ಕೂರಿಸಬಹುದಿತ್ತು. ಕೌನ್ಸಿಲರ್ ಒಬ್ಬ ಆಲ್ಡರ್‌ಮನ್ ಆದರೆ ಅವನ ವಾರ್ಡ್ ಖಾಲಿಯಾಗುತ್ತೆ. ಅಲ್ಲಿ ಉಪಚುನಾವಣೆ ಮಾಡಿ ತಮ್ಮವನನ್ನೇ ಮತ್ತೆ ತರಬಹುದು.

ಹಾಗಾಗಿ ಹಳೇಪೇಪರ್ ಅವರು ಪಟ್ಟಿ ಓದುವಾಗ ಚುನಾವಣೆಯ ದಿನದ ಅಂಕಿ ಮಾತ್ರ ನೋಡಬಾರದು. ಅದಾದ ಮೇಲೆ ನಡೆಯುವ ಮೊದಲ ಸಭೆ ನೋಡಬೇಕು. ಲೇಬರ್ ಮತ್ತು ಇಂಡಿಪೆಂಡೆಂಟ್ ಹತ್ತಿರ ಹತ್ತಿರ ಇರುವ ಕಾರ್ಮಾರ್ಥನ್‌ಶೈರ್ ಥರದ ಕೌಂಟಿಯಲ್ಲಿ ನಿಜವಾದ ಕುಸ್ತಿ ಅಲ್ಲೇ. ಒಬ್ಬ ಸದಸ್ಯನಿಗೆ ಜ್ವರ ಬಂದು ಮಲಗಿದರೂ ಆಟ ಬದಲಾಗುತ್ತಿತ್ತು. 1972ರ ಕಾಯ್ದೆ ಬಂದು 1974ರಲ್ಲಿ ಈ ಪದ್ಧತಿ ಹೋಯಿತು. ಹೋಗಿದ್ದೇ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ.

ಹಳೇಪೇಪರ್

ಅಬ್ಬಾ. ಇಷ್ಟು ದಿನ ಆಲ್ಡರ್‌ಮನ್ ಅಂದರೆ ಕೊರಳಿಗೆ ಸರ ಹಾಕಿಕೊಂಡು ಫೋಟೋಗೆ ನಿಲ್ಲುವ ಅಜ್ಜ ಅಂದುಕೊಂಡಿದ್ದೆ.

ಸ್ವಾನ್ಸಿಸುಮಾ

ಅಜ್ಜ ಮಾತ್ರ ಅಲ್ಲ, ಅಜ್ಜಿಯೂ ಇದ್ದರು! ನಾನು ಇರುವುದು ಸ್ವಾನ್ಸಿ ಹತ್ತಿರ. ಹದಿನಾಲ್ಕು ವರ್ಷದಿಂದ ಇಲ್ಲಿ ಡಾಕ್ಟರ್ ಕೆಲಸ. ಪಕ್ಕದ ಗ್ಲಮಾರ್ಗನ್ ಕೌಂಟಿಯ ರೋಸ್ ಡೇವಿಸ್ ಬಗ್ಗೆ ಯಾರೂ ಹೇಳಲಿಲ್ಲ. ಅಬರ್‌ಡೇರ್ ಊರಿನವರು. 1925ರಲ್ಲಿ ಆ ಕೌನ್ಸಿಲ್‌ಗೆ ಬಂದ ಮೊದಲ ಮಹಿಳೆ. ನೀವು ಚರ್ಚೆ ಮಾಡುತ್ತಿರುವ ಇದೇ 1949ರಲ್ಲಿ ಅದರ ಅಧ್ಯಕ್ಷೆ ಆದರು. ಅದೂ ಮೊದಲ ಸಲ. ಗ್ಲಮಾರ್ಗನ್‌ನಲ್ಲಿ 1919ರಿಂದಲೇ ಲೇಬರ್‌ದೇ ಕಾರುಬಾರು. ಅಂಥ ಕಡೆಯೂ ಒಬ್ಬ ಹೆಂಗಸು ಆ ಕುರ್ಚಿಗೆ ಬರಲು ಮೂವತ್ತು ವರ್ಷ ಬೇಕಾಯಿತು ನೋಡಿ.

ಆಮೇಲೆ ಒಂದು ಉಚ್ಚಾರದ ವಿಷಯ. ಲನೆಲ್ಲಿ ಅಂತ ಬರೆದಿದ್ದೀರಿ, ಪರವಾಗಿಲ್ಲ. ಆದರೆ ಆ ‘ಲ’ ನಮ್ಮ ‘ಲ’ ಅಲ್ಲ, ‘ಳ’ನೂ ಅಲ್ಲ. ನಾಲಿಗೆಯನ್ನು ‘ಲ’ ಹೇಳುವ ಜಾಗದಲ್ಲಿಟ್ಟು ಪಕ್ಕದಿಂದ ಗಾಳಿ ಊದಬೇಕು. ನಾನು ಕಲಿಯಲು ಎರಡು ವರ್ಷ ತೆಗೆದುಕೊಂಡೆ. ಮೊದಲು ಪ್ರಯತ್ನ ಮಾಡಿದಾಗ ನರ್ಸ್ ಕರ್ಚೀಫ್ ಕೊಟ್ಟಳು.

ಕೆಂಬಾವುಟ

ಸುಮಾ ಅಕ್ಕಾ, ಒಳ್ಳೆ ಸಮಯಕ್ಕೆ ಬಂದಿರಿ. ಈ ಚರ್ಚೆ ಗ್ವಿನ್ವರ್ ಎವನ್ಸ್ ಸುತ್ತಲೇ ಗಿರಕಿ ಹೊಡೆಯುತ್ತೆ ಅಂತ ನನಗೆ ಭಯ. ಯುದ್ಧದ ನಂತರ ವೇಲ್ಸ್ ಜನರ ಬದುಕು ಬದಲಾಯಿಸಿದ್ದು ಲೇಬರ್. 1947ರ ಜನವರಿ 1ಕ್ಕೆ ಗಣಿಗಳು ಸರ್ಕಾರದ್ದಾದವು. 1948ರ ಜುಲೈ 5ಕ್ಕೆ ಆರೋಗ್ಯ ಸೇವೆ ಶುರುವಾಯಿತು. ಅದನ್ನು ತಂದ ಅನೈರಿನ್ ಬೆವನ್ ಗಣಿಗೆ ಇಳಿದವರು, ಟ್ರೆಡೀಗರ್ ಪಟ್ಟಣದ ಕೌನ್ಸಿಲರ್ ಆಗಿ, ಮನ್ಮತ್‌ಶೈರ್ ಕೌಂಟಿ ಕೌನ್ಸಿಲ್‌ಗೂ ಹೋಗಿ, ಆಮೇಲೆ ಪಾರ್ಲಿಮೆಂಟ್ ಸೇರಿದವರು. ಲನೆಲ್ಲಿಯ ಸಂಸದ ಜಿಮ್ ಗ್ರಿಫಿತ್ಸ್ ಅಮ್ಮನ್ ಕಣಿವೆಯ ಹುಡುಗ, ವೆಲ್ಷ್ ಮಾತಾಡುತ್ತಿದ್ದವರು. ರಾಷ್ಟ್ರೀಯ ವಿಮೆ ತಂದವರು. ಮುಂದೆ 1964ರಲ್ಲಿ ಲಂಡನ್ ಸರ್ಕಾರದಲ್ಲಿ ವೇಲ್ಸ್ ಖಾತೆಯ ಮೊದಲ ಸೆಕ್ರೆಟರಿ ಆಫ್ ಸ್ಟೇಟ್ ಅವರೇ. ಲೇಬರ್ ಕೌಂಟಿಗಳು ಸಾವಿರಾರು ಮನೆ ಕಟ್ಟಿಸಿದವು. ಒಂದು ಹಳ್ಳಿಯ ಸೀಟು ಗೆದ್ದ ತೋಟಗಾರನಿಗೆ ಇಷ್ಟೊಂದು ಜಾಗ ಯಾಕೆ?

(ತೋಟಗಾರ ಅಂದಿದ್ದು ಅವಮಾನ ಅಲ್ಲ. ಗ್ವಿನ್ವರ್ ನಿಜವಾಗಿ ಲಾಂಗಡೋಗ್‌ನಲ್ಲಿ ಗಾಜಿನ ಮನೆ ಕಟ್ಟಿ ಟೊಮೆಟೊ ಬೆಳೆಯುತ್ತಿದ್ದರು.)

ಲೆಕ್ಕದಮೇಷ್ಟ್ರು

ಕೆಂಬಾವುಟ, ಒಂದು ತಿದ್ದುಪಡಿ. ಮನೆ ಕಟ್ಟಿಸುವುದು ಕೌಂಟಿಯ ಕೆಲಸ ಅಲ್ಲ. ಅದು ಕೆಳಗಿನ ಜಿಲ್ಲಾ ಕೌನ್ಸಿಲ್‌ಗಳದ್ದು. ಪಟ್ಟಣಕ್ಕೆ ನಗರ ಜಿಲ್ಲೆ, ಹಳ್ಳಿಗಳಿಗೆ ಗ್ರಾಮೀಣ ಜಿಲ್ಲೆ. ತೆರಿಗೆ ವಸೂಲಿ ಮಾಡುವುದೂ ಅವರೇ. ಕೌಂಟಿ ತನಗೆ ಬೇಕಾದಷ್ಟು ಕೇಳಿ ಪಡೆಯುತ್ತಿತ್ತು. ಕೌಂಟಿ ಕೈಯಲ್ಲಿ ಇದ್ದದ್ದು ಶಾಲೆ, ಮುಖ್ಯ ರಸ್ತೆ, ಲೈಬ್ರರಿ ಥರದ್ದು. 1947ರ ಕಾಯ್ದೆಯಿಂದ ಊರು ಯೋಜನೆಯೂ ಬಂತು.

ಇನ್ನೊಂದು ತಮಾಷೆ. ನೀವು ಹೊಗಳುವ ಆ 1948, ಕೌಂಟಿ ಪಾಲಿಗೆ ಕಳೆದುಕೊಂಡ ವರ್ಷ. ಕೌಂಟಿಗಳ ಕೈಯಲ್ಲಿದ್ದ ಆಸ್ಪತ್ರೆಗಳು ಆರೋಗ್ಯ ಸೇವೆಗೆ ಹೋದವು. ಬಡವರಿಗೆ ಸಹಾಯಧನ ಕೊಡುವ ಹಳೇ ವ್ಯವಸ್ಥೆ ಲಂಡನ್‌ಗೆ ಹೋಯಿತು. ಜನರಿಗೆ ಒಳ್ಳೆಯದೇ ಆಯಿತು, ಸಂಶಯ ಇಲ್ಲ. ಆದರೆ 1946ರಲ್ಲಿ ಗೆದ್ದವರು ಮೂರೇ ವರ್ಷದಲ್ಲಿ ತಮ್ಮ ಅರ್ಧ ಕೆಲಸ ಬೇರೆಯವರ ಮೇಜಿಗೆ ಹೋಗುವುದನ್ನು ನೋಡಿದರು. 1949ರಲ್ಲಿ ಕೆಲವರಿಗೆ ಉತ್ಸಾಹ ಕಡಿಮೆಯಾಗಿದ್ದರೆ ಆಶ್ಚರ್ಯ ಇಲ್ಲ.

ಉಳಿದದ್ದು ಶಾಲೆ. ಅದು ಸಣ್ಣದೇನಲ್ಲ. ಕೌಂಟಿ ಖರ್ಚಿನಲ್ಲಿ ದೊಡ್ಡ ಪಾಲು ಅದೇ. ಟೀಚರ್ ನೇಮಕ ಕೌನ್ಸಿಲರ್‌ಗಳ ಕೈಯಲ್ಲಿ. ಹೆಡ್‌ಮಾಸ್ಟರ್ ಆಗಬೇಕಾದರೆ ಅಭ್ಯರ್ಥಿ ಮನೆ ಮನೆಗೆ ಹೋಗಿ ಕೌನ್ಸಿಲರ್‌ಗಳ ಬಾಗಿಲು ತಟ್ಟಬೇಕು ಅನ್ನುವ ದೂರು ಆಗ ವೇಲ್ಸ್‌ನಲ್ಲಿ ಮಾಮೂಲಿ.

ತುಂಗಾತೀರ

ನಾನು ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಶಾಲೆ ಮಾತು ಬಂತು, ಇನ್ನು ಸುಮ್ಮನಿರಲಾರೆ.

1939ರಲ್ಲಿ ಅಬರಿಸ್ಟ್‌ವಿತ್‌ನಲ್ಲಿ ಇವನ್ ಅಬ್ ಓವೆನ್ ಎಡ್ವರ್ಡ್ಸ್ ಒಂದು ವೆಲ್ಷ್ ಮಾಧ್ಯಮ ಶಾಲೆ ತೆರೆದರು. ಮಕ್ಕಳು ಏಳು. ಟೀಚರ್ ನೋರಾ ಐಸಾಕ್. ಅದು ಖಾಸಗಿ. ಪೋಷಕರೇ ದುಡ್ಡು ಹಾಕಿ ನಡೆಸಬೇಕಿತ್ತು. ಸರ್ಕಾರಿ ದುಡ್ಡಿನಲ್ಲಿ, ಸ್ಥಳೀಯ ಆಡಳಿತವೇ ತೆರೆದ ಮೊದಲ ವೆಲ್ಷ್ ಮಾಧ್ಯಮ ಪ್ರಾಥಮಿಕ ಶಾಲೆ ಯಾವುದು ಗೊತ್ತಾ? ಲನೆಲ್ಲಿಯ ದೇವಿ ಸಂತ್ ಶಾಲೆ. ತೆರೆದದ್ದು 1947ರ ಮಾರ್ಚ್ 1, ಅಂದರೆ ವೇಲ್ಸ್‌ನ ಸಂತ ಡೇವಿಡ್ ಹಬ್ಬದ ದಿನ. ತೆರೆದವರು ಇದೇ ಕಾರ್ಮಾರ್ಥನ್‌ಶೈರ್ ಕೌಂಟಿ ಕೌನ್ಸಿಲ್. 1946ರಲ್ಲಿ ಆಯ್ಕೆಯಾಗಿ ಬಂದವರು.

ಹಾಗಾಗಿ ನನಗೆ 1949ಕ್ಕಿಂತ 1946 ಮುಖ್ಯ. ಆ ವರ್ಷ ಅವಿರೋಧವಾಗಿಯೋ ವೋಟು ತೆಗೆದುಕೊಂಡೋ ಬಂದ ಆ ಮುದುಕರೇ ಇದನ್ನು ಮಾಡಿದ್ದು. ಗ್ವಿನ್ವರ್ ಆಗ ಕೌನ್ಸಿಲ್ ಒಳಗೇ ಇರಲಿಲ್ಲ.

ಕೆಂಬಾವುಟ

ನಾನು ಹೇಳಬೇಕು ಅಂದುಕೊಂಡಿದ್ದನ್ನೇ ಹೇಳಿದಿರಿ. ಭಾಷೆಯ ಕೆಲಸ ರಾಷ್ಟ್ರೀಯವಾದಿಗಳಿಂದಲೇ ಆಗಬೇಕು ಅಂತೇನಿಲ್ಲ. ಲನೆಲ್ಲಿ ಕೆಲಸಗಾರರ ಪಟ್ಟಣ, ಲೇಬರ್ ಪಟ್ಟಣ.

ತುಂಗಾತೀರ

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಅದೇ ಲನೆಲ್ಲಿಯ ಪಕ್ಕದಲ್ಲೇ ನಡೆದ ಇನ್ನೊಂದು ಕಥೆ ಕೇಳಿ.

ಲಾಂಗೆನ್ನೆಕ್ ಅನ್ನುವ ಊರು. ಅಲ್ಲಿ ಟ್ರೆವರ್ ಬೀಸ್ಲಿ, ಗಣಿ ಕೆಲಸಗಾರ. ಹೆಂಡತಿ ಐಲೀನ್, ಟೀಚರ್. ಹೊಸದಾಗಿ ಮದುವೆಯಾಗಿ ಮನೆ ಮಾಡಿದ್ದರು. 1952ರಲ್ಲಿ ಲನೆಲ್ಲಿ ಗ್ರಾಮೀಣ ಜಿಲ್ಲಾ ಕೌನ್ಸಿಲ್‌ನಿಂದ ಮನೆ ತೆರಿಗೆಯ ಚೀಟಿ ಬಂತು. ಬರೀ ಇಂಗ್ಲಿಷ್. ಇವರು ಅಂದರು, ವೆಲ್ಷ್‌ನಲ್ಲಿ ಕೊಡಿ, ಕಟ್ಟುತ್ತೇವೆ. ಕಟ್ಟುವುದಿಲ್ಲ ಅನ್ನಲಿಲ್ಲ, ಗಮನಿಸಿ. ಕೌನ್ಸಿಲ್ ಒಪ್ಪಲಿಲ್ಲ. ಕೇಸ್ ಹಾಕಿತು. ಹದಿನಾರು ಸಲ ಕೋರ್ಟು ಮೆಟ್ಟಿಲು ಹತ್ತಿದರು. ಜಪ್ತಿಯವರು ಬಂದು ಸಾಮಾನು ಹೊತ್ತುಕೊಂಡು ಹೋದರು. ಪಿಯಾನೋ ಹೋಯಿತು, ಕುರ್ಚಿ ಮೇಜು ಹೋಯಿತು. ಮತ್ತೆ ಚೀಟಿ ಬಂತು, ಮತ್ತೆ ಇಂಗ್ಲಿಷ್. ಹೀಗೆ ಎಂಟು ವರ್ಷ. ಕೊನೆಗೆ 1960ರಲ್ಲಿ ಎರಡೂ ಭಾಷೆಯ ಚೀಟಿ ಬಂತು.

ಆ ಕೌನ್ಸಿಲ್‌ನಲ್ಲಿ ಕೂತಿದ್ದವರು ಯಾರು? ಇಂಗ್ಲಿಷರಲ್ಲ. ವೆಲ್ಷ್ ಮಾತಾಡುವ ಜನವೇ! ಮನೆಯಲ್ಲಿ ವೆಲ್ಷ್, ಚಾಪೆಲ್‌ನಲ್ಲಿ ವೆಲ್ಷ್. ಕಚೇರಿಗೆ ಬಂದ ಕೂಡಲೇ ಭಾಷೆ ಚಪ್ಪಲಿ ಥರ ಹೊರಗೆ. ನನಗೆ ಹೊಟ್ಟೆ ಉರಿಯುವುದು ಅಲ್ಲಿ. ಮೇಲಿನ ಕೌನ್ಸಿಲ್ ಮಕ್ಕಳಿಗೆ ವೆಲ್ಷ್ ಶಾಲೆ ತೆರೆಯುತ್ತೆ. ಕೆಳಗಿನ ಕೌನ್ಸಿಲ್ ಅದೇ ಭಾಷೆಯಲ್ಲಿ ಒಂದು ಚೀಟಿ ಅಚ್ಚು ಹಾಕಲು ಎಂಟು ವರ್ಷ ತಗೊಳ್ಳುತ್ತೆ.

1962ರ ಫೆಬ್ರವರಿಯಲ್ಲಿ ವೆಲ್ಷ್ ನಾಟಕಕಾರ ಸಾಂಡರ್ಸ್ ಲೂಯಿಸ್ ಭಾಷೆಯ ಹಣೆಬರಹದ ಬಗ್ಗೆ ರೇಡಿಯೋದಲ್ಲಿ ಭಾಷಣ ಮಾಡಿದರು. ಅದರಲ್ಲಿ ಉದಾಹರಣೆ ಕೊಟ್ಟಿದ್ದು ಇದೇ ಗಂಡ ಹೆಂಡತಿಯನ್ನು. ಅದೇ ಆಗಸ್ಟ್‌ನಲ್ಲಿ ವೆಲ್ಷ್ ಭಾಷಾ ಸಂಘ ಹುಟ್ಟಿತು.

ಸ್ವಾನ್ಸಿಸುಮಾ

ಇದನ್ನು ಓದಿ ಎದ್ದು ಹೋಗಿ ಡ್ರಾಯರ್ ತೆಗೆದೆ. ನನ್ನ ಮನೆಯ ಕೌನ್ಸಿಲ್ ಟ್ಯಾಕ್ಸ್ ಬಿಲ್ ಎರಡು ಭಾಷೆಯಲ್ಲಿದೆ. ಪ್ರತಿ ವರ್ಷ ಬರುತ್ತೆ. ವೆಲ್ಷ್ ಇರುವ ಕಡೆ ನಾನು ಯಾವತ್ತೂ ಕಣ್ಣು ಹಾಯಿಸಿರಲಿಲ್ಲ. ಇಷ್ಟೊಂದು ಕಾಗದ ದಂಡ ಅಂತ ಒಮ್ಮೆ ಯಜಮಾನರ ಹತ್ತಿರ ಗೊಣಗಿದ್ದೂ ಇದೆ.

ಪಿಯಾನೋ ಹೋಯಿತು ಅಂದಿರಲ್ಲ, ಅದು ಇಲ್ಲಿನ ಮನೆಯಲ್ಲಿ ಸಣ್ಣ ವಿಷಯ ಅಲ್ಲ. ಚಾಪೆಲ್ ಹಾಡು ಕಲಿಯುವುದೇ ಅದರ ಸುತ್ತ ನಿಂತು. ನಮ್ಮ ಮನೆಯಿಂದ ಯಾರಾದರೂ ಹಾರ್ಮೋನಿಯಂ ಎತ್ತಿಕೊಂಡು ಹೋದರೆ ಹೇಗೆ, ಹಾಗೆ.

ಕಡಲೆಪುರಿ

ನಿರ್ವಾಹಕರ ಅಪ್ಪಣೆ ಇದ್ದರೆ ಬ್ಯಾಂಕ್ ಚಲನ್ ಬಗ್ಗೆ ಒಂದು ಮಾತು...

ನಿರ್ವಾಹಕರು

ಇಲ್ಲ.

ಹಳೇಪೇಪರ್

ಹ್ಹಹ್ಹ. ಬೇರೆ ಒಂದು ಅನುಮಾನ. ಪಟ್ಟಿಯಲ್ಲಿ ಡೇವಿಸ್, ಜೋನ್ಸ್, ಎವನ್ಸ್, ಥಾಮಸ್, ವಿಲಿಯಮ್ಸ್ ಬಿಟ್ಟರೆ ಬೇರೆ ಹೆಸರೇ ಕಡಿಮೆ. ಒಂದೇ ವಾರ್ಡಿನಲ್ಲಿ ಎವನ್ಸ್ ವಿರುದ್ಧ ಎವನ್ಸ್ ನಿಂತರೆ ಜನ ಹೇಗೆ ಗುರುತು ಹಿಡಿಯುತ್ತಿದ್ದರು? ಪಕ್ಷ ನೋಡಿಯೇ?

ಲೆಕ್ಕದಮೇಷ್ಟ್ರು

ಪಕ್ಷದ ಹೆಸರು ವೋಟಿನ ಚೀಟಿಯಲ್ಲಿ ಇರುತ್ತಲೇ ಇರಲಿಲ್ಲ! ಅದಕ್ಕೆ ಅವಕಾಶ ಬಂದಿದ್ದು 1969ರಲ್ಲಿ. ಅಲ್ಲಿಯವರೆಗೆ ಹೆಸರು, ವಿಳಾಸ, ಕಸುಬು ಅಷ್ಟೇ. ಚಿಹ್ನೆ ಅಂತೂ ಇಲ್ಲವೇ ಇಲ್ಲ. ಹಾಗಾಗಿ ಪಕ್ಷದ ಕೆಲಸವೇ ತಮ್ಮವನ ಹೆಸರು ಜನರ ಬಾಯಿಗೆ ಕೂರಿಸುವುದು. ಊರಿನಲ್ಲಿ ಮಾತ್ರ ಗೊಂದಲ ಇರಲಿಲ್ಲ. ವೇಲ್ಸ್‌ನಲ್ಲಿ ಕಸುಬು ಸೇರಿಸಿ ಕರೆಯುವ ರೂಢಿ ಇದೆಯಲ್ಲ. ಹಾಲಿನ ಜೋನ್ಸ್, ಅಂಚೆ ಜೋನ್ಸ್, ಬ್ರೆಡ್ಡಿನ ಡೇವಿಸ್. ಇಲ್ಲವೇ ಫಾರ್ಮಿನ ಹೆಸರು.

ಎವನ್ಸ್ ಅಂದಿರಿ, ಅದರಲ್ಲೇ ಒಂದು ಒಳ್ಳೆ ಕಥೆ ಇದೆ. 1961ರ ಸ್ಥಳೀಯ ಚುನಾವಣೆಗೆ ಇದೇ ಕಾರ್ಮಾರ್ಥನ್‌ಶೈರ್‌ನಲ್ಲಿ ಗ್ವಿನ್ವರ್ ಎಸ್. ಎವನ್ಸ್ ಅನ್ನುವವರು ನಾಮಪತ್ರ ಹಾಕಿದರು. ನಮ್ಮ ಲಾಂಗಡೋಗ್ ಗ್ವಿನ್ವರ್ ಅಲ್ಲ, ಬೇರೆಯವರು. ನಾಮಪತ್ರ ವೆಲ್ಷ್‌ನಲ್ಲಿತ್ತು. ಚುನಾವಣಾಧಿಕಾರಿ ಅದನ್ನು ತಿರಸ್ಕರಿಸಿದರು. ಪ್ರಕರಣ ಹೈಕೋರ್ಟಿಗೆ ಹೋಗಿ, 1962ರಲ್ಲಿ ವೆಲ್ಷ್ ನಾಮಪತ್ರ ಸರಿ ಅಂತ ತೀರ್ಪು ಬಂತು. ಅದರ ಹಿಂದೆಯೇ 1964ರಲ್ಲಿ ಚುನಾವಣಾ ಕಾಗದಗಳನ್ನು ವೆಲ್ಷ್‌ನಲ್ಲೂ ಕೊಡಲು ಒಂದು ಕಾಯ್ದೆಯೇ ಆಯಿತು. ಇದನ್ನು ತಲೆಯಲ್ಲಿಟ್ಟುಕೊಂಡು 1949ಕ್ಕೆ ವಾಪಸ್ ಹೋಗಿ. ಪ್ರಚಾರ ವೆಲ್ಷ್‌ನಲ್ಲಿ, ಜಗಳ ವೆಲ್ಷ್‌ನಲ್ಲಿ, ಬೈಗುಳವೂ ವೆಲ್ಷ್‌ನಲ್ಲಿ. ಸರ್ಕಾರಿ ನಮೂನೆ ಮಾತ್ರ ಇಂಗ್ಲಿಷ್.

ಕೆಂಬಾವುಟ

ಈ ಕೇಸ್ ನನಗೆ ಗೊತ್ತಿರಲಿಲ್ಲ. ಸರಿ, ಸೋತೆ ಅನ್ನುವುದಿಲ್ಲ, ಆದರೆ ಒಂದು ಹೆಜ್ಜೆ ಹಿಂದೆ ಬಂದೆ. ಲೇಬರ್ ಹೊಟ್ಟೆ ನೋಡಿಕೊಂಡಿತು, ನಮೂನೆ ಕಾಗದ ನೋಡಲಿಲ್ಲ.

ಆದರೂ 1966ಕ್ಕೆ ಇನ್ನೊಂದು ವಿವರಣೆ ಇದೆ. ಆ ಹೊತ್ತಿಗೆ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಮುಚ್ಚುತ್ತಿದ್ದದ್ದು ಸರ್ಕಾರವೇ. 1947ರಲ್ಲಿ ‘ನಮ್ಮದಾಯಿತು’ ಅಂತ ಬಾವುಟ ಹಾರಿಸಿದ ಜನ ಇಪ್ಪತ್ತು ವರ್ಷದಲ್ಲಿ ಅದೇ ಸರ್ಕಾರದಿಂದ ಬಾಗಿಲು ಹಾಕಿಸಿಕೊಂಡರು. ಆ ಸಿಟ್ಟು ಎಲ್ಲಿಗಾದರೂ ಹೋಗಬೇಕಿತ್ತು.

ಹಳೇಪೇಪರ್

ಅದೂ ಸೇರಿತ್ತು. ಇಂಗ್ಲೆಂಡಿನ ಲಿವರ್‌ಪೂಲ್‌ಗೆ ನೀರು ಕೊಡಲು ವೇಲ್ಸ್‌ನ ಕಪೆಲ್ ಕೆಲಿನ್ ಹಳ್ಳಿಯನ್ನು ಮುಳುಗಿಸಿದ್ದು 1965ರಲ್ಲಿ. ಅದೂ ಮನಸ್ಸಿನಲ್ಲಿತ್ತು. ಇದೇ ಕೌಂಟಿಯ ಲಾಂಗಿಂಡೈರ್ನ್ ಜನ ಸ್ವಾನ್ಸಿಯ ಅಣೆಕಟ್ಟು ಯೋಜನೆಗೆ ಎದುರಾಗಿ 1963ರಲ್ಲಿ ತಮ್ಮ ಗೇಟುಗಳಿಗೆ ಬೀಗ ಜಡಿದು ನಿಂತರು. ಗೆದ್ದರು ಕೂಡ.

ಆದರೆ ನನ್ನ ಕಣ್ಣು ಈಗಲೂ ಆ ಲಾಂಗಡೋಗ್ ಸೀಟಿನ ಮೇಲೇ. ಪಾರ್ಲಿಮೆಂಟಿಗೆ ಗ್ವಿನ್ವರ್ 1945ರಿಂದ ಎಷ್ಟೋ ಸಲ ನಿಂತು ಸೋತರು, ಬಹುತೇಕ ಮೆರಿಯನತ್ ಕ್ಷೇತ್ರದಲ್ಲಿ. ಅದೇ ಹೊತ್ತಿನಲ್ಲಿ ಕೌಂಟಿಯ ಸೀಟನ್ನು ಮಾತ್ರ 1949ರಿಂದ 1974ರವರೆಗೆ, ಇಪ್ಪತ್ತೈದು ವರ್ಷ, ಬಿಡಲಿಲ್ಲ. ಅವರ ಪಕ್ಷ ಬೇಡ ಅಂದ ಜನವೇ ರಸ್ತೆ, ಶಾಲೆ ವಿಷಯಕ್ಕೆ ಅವರ ಮನೆ ಬಾಗಿಲಿಗೆ ಬಂದಿರಬೇಕು. ಪಕ್ಷದ ಹೆಸರು ಚೀಟಿಯಲ್ಲಿ ಇಲ್ಲದಿದ್ದದ್ದು ಅವರಿಗೆ ಅನುಕೂಲವೇ ಆಯಿತೇನೋ ಅಂತ ಈಗ ಮೇಷ್ಟ್ರ ಮಾತು ಓದಿದ ಮೇಲೆ ಅನ್ನಿಸುತ್ತಿದೆ. ಟೊಮೆಟೊ ಬೆಳೆಯುವ, ಚಾಪೆಲ್‌ಗೆ ಬರುವ ಪರಿಚಯದ ಮನುಷ್ಯ. 1966ರಲ್ಲಿ ಜನ ವೋಟು ಹಾಕಿದ್ದು ಹದಿನೇಳು ವರ್ಷದಿಂದ ಗೊತ್ತಿದ್ದ ಕೌನ್ಸಿಲರ್‌ಗೆ.

1974ರಲ್ಲಿ ಆ ಕೌಂಟಿಯೇ ಹೋಯಿತು. ಕಾರ್ಮಾರ್ಥನ್‌ಶೈರ್, ಕಾರ್ಡಿಗನ್‌ಶೈರ್, ಪೆಂಬ್ರೋಕ್‌ಶೈರ್ ಮೂರನ್ನೂ ಸೇರಿಸಿ ಡವೆಡ್ ಅಂತ ಮಾಡಿದರು. 1996ರಲ್ಲಿ ಮತ್ತೆ ಬಿಡಿಸಿದರು.

ಸ್ವಾನ್ಸಿಸುಮಾ

ಕೌಂಟಿ ಗಡಿ ಅಂದರೆ ಇಲ್ಲಿನ ಹಳಬರಿಗೆ ನೆನಪಾಗುವುದು ಚುನಾವಣೆ ಅಲ್ಲ, ಭಾನುವಾರದ ಬಿಯರ್! 1881ರ ಕಾಯ್ದೆಯಿಂದ ವೇಲ್ಸ್‌ನಲ್ಲಿ ಭಾನುವಾರ ಪಬ್ ಬಂದ್. ಚಾಪೆಲ್‌ನವರ ಗೆಲುವು ಅದು. 1961ರ ನವೆಂಬರ್‌ನಲ್ಲಿ ಕೌಂಟಿಗೊಂದು ವೋಟು ಮಾಡಿಸಿದರು, ಭಾನುವಾರ ತೆರೆಯಬೇಕಾ ಬೇಡವಾ ಅಂತ. ಎಂಟು ಕೌಂಟಿಗಳು ಬೇಡ ಅಂದವು. ಅದರಲ್ಲಿ ಕಾರ್ಮಾರ್ಥನ್‌ಶೈರ್ ಕೂಡ ಇತ್ತು. ಪಕ್ಕದ ಗ್ಲಮಾರ್ಗನ್ ತೆರೆಯಿರಿ ಅಂತು.

ಈಗ ನಕ್ಷೆ ನೋಡಿ. ಲೊಗರ್ ಹೊಳೆಯ ಈ ಕಡೆ ಪಾಂಟರ್ದಿಲೈಸ್, ಗ್ಲಮಾರ್ಗನ್‌ಗೆ ಸೇರಿದ್ದು. ತುಂಗಾತೀರ ಅವರು ಹೇಳಿದ ಭಾಷಾ ಸಂಘ ಹುಟ್ಟಿದ್ದು ಇದೇ ಊರಿನಲ್ಲಿ. ಸೇತುವೆ ದಾಟಿದರೆ ಕಾರ್ಮಾರ್ಥನ್‌ಶೈರ್‌ನ ಹಳ್ಳಿ. ಒಂದು ದಡದಲ್ಲಿ ಪಬ್ ತೆರೆದಿದೆ, ಇನ್ನೊಂದು ದಡದಲ್ಲಿ ಬೀಗ. ಬೆಳಿಗ್ಗೆ ಚಾಪೆಲ್, ಮಧ್ಯಾಹ್ನ ಸೇತುವೆ ಅಂತ ನಮ್ಮ ಪಕ್ಕದ ಮನೆಯ ತಾತ ನಗುತ್ತಾರೆ.

ಆ ಹಳ್ಳಿಯ ಹೆಸರು ಹೆಂಡಿ.

ಕಡಲೆಪುರಿ

ಹೆಂಡಿಯಲ್ಲಿ ಹೆಂಡ ಇಲ್ಲ!! ನಿರ್ವಾಹಕರೇ, ಇದನ್ನಾದರೂ ಇಲ್ಲೇ ಬಿಡಿ.

ನಿರ್ವಾಹಕರು

ಬಿಟ್ಟಿದ್ದೇವೆ.